ಹವಾಯಿಯ ಧ್ವನಿ



ಭಾಷಾಸೇವೆಗೆ ಬಾಳನ್ನು ಮೀಸಲಿಟ್ಟವರೊಬ್ಬರ ಕಾರ್ಯವನ್ನು ವಿಚಾರ ಮಾಡುವುದು ಈ ದತ್ತಿಯ ಉದ್ದೇಶವೆಂದು ತಿಳಿಸಿ, ವಿಷಯದ ಆಯ್ಕೆಯನ್ನು ನನಗೇ ಬಿಟ್ಟುಕೊಟ್ಟ ವ್ಯವಸ್ಥಾಪಕರಿಗೆ ಮೊದಲು ನನ್ನ ಕೃತಜ್ಞತೆ ಸಲ್ಲಬೇಕು. ನಮ್ಮ ನಾಡಿನಲ್ಲಿ ಅಂಥ ಮಹನೀಯರಿಗೆ ಕೊರತೆಯಿಲ್ಲ. ನಿಘಂಟುಗಳನ್ನು ಕಟ್ಟಿದವರು, ಶಾಸನಗಳನ್ನೋದಿದವರು, ಓಲೆಯ ಕಟ್ಟುಗಳನ್ನು ಬಿಚ್ಚಿ ಕಾವ್ಯಗಳನ್ನು ಸಂಪಾದಿಸಿದವರು, ಊರೂರು ತಿರುಗಿ ಲಾವಣಿಗಳನ್ನು ಬರೆದುಕೊಂಡವರು, ಹೀಗೆ ಆ ಪರಂಪರೆ ದೀರ್ಘವಾದದ್ದು. ಆದರೆ ಅವರೆಲ್ಲರೂ ಸೇವೆ ಸಲ್ಲಿಸಿದ್ದು ಕೋಟ್ಯಂತರ ಜನ ನಿತ್ಯವೂ ಆಡುವ, ತೊಟ್ಟಿಲ ಕೂಸು ತಾನಾಗಿಯೇ ಕಲಿತುಕೊಳ್ಳುವ ಭಾಷೆಗೆ. ಆಡುವ ವೃದ್ಧರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತ, ಆಡುವ ಮಕ್ಕಳನ್ನು ಬೆರಳೆಣಿಕೆಯಲ್ಲಿ ಹುಡುಕಬೇಕಾದ ದುರವಸ್ಥೆಗೆ ಬಂದಿದ್ದ ತನ್ನ ಪೂರ್ವಿಕರ ನುಡಿಯನ್ನು, ಬಾನುಲಿಯ ಒಂದು ಸಾಪ್ತಾಹಿಕ ಕಾರ್ಯಕ್ರಮದಿಂದ ಮೊದಲುಮಾಡಿ ಮತ್ತೆ ಕೂಸುಗಳ ಬಾಯಿಗೆ ತರುವ ಕಾರ್ಯದಲ್ಲಿ ಅರ್ಧ ಶತಮಾನವನ್ನು ಕಳೆದವರೊಬ್ಬರು ಪೆಸಿಫಿಕ್ ಮಹಾಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿದ್ದಾರೆ. ಅವರ ಹೆಸರು ಲ್ಯಾರಿ ಲಿಂಡ್ಸಿ ಕೌಅನೊಎ ಕಿಮುರಾ. ಇಂದಿನ ಉಪನ್ಯಾಸದ ವಸ್ತು ಅವರ ಕಾರ್ಯ.

ಆ ಕಾರ್ಯದ ಬೆಲೆ ತಿಳಿಯಬೇಕಾದರೆ ಆ ದ್ವೀಪಗಳ ಹಿಂದಣ ಕಥೆಯನ್ನು ಸ್ವಲ್ಪಮಟ್ಟಿಗೆ ಹೇಳಲೇಬೇಕು. 1778 ರಲ್ಲಿ ಕ್ಯಾಪ್ಟನ್ ಕುಕ್ ಎಂಬ ಆಂಗ್ಲ ನಾವಿಕನ ಹಡಗುಗಳು ಅಲ್ಲಿಗೆ ಬಂದ ಕಾಲಕ್ಕೆ ಲಕ್ಷೋಪಲಕ್ಷ ಸಂಖ್ಯೆಯಲ್ಲಿದ್ದ ಮೂಲನಿವಾಸಿಗಳು, ಹೊರಗಿನಿಂದ ಬಂದ ಸಿಡುಬು, ದಡಾರ ಮೊದಲಾದ ರೋಗಗಳಿಗೆ ತುತ್ತಾಗಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ನಲವತ್ತು ಸಾವಿರದ ಆಸುಪಾಸಿಗೆ ಇಳಿದುಹೋದರು. ಇಷ್ಟೊಂದು ಕ್ಷಯದ ನಡುವೆಯೂ ಆ ಜನ ಅಕ್ಷರವಿದ್ಯೆಯನ್ನು ಸ್ವೀಕರಿಸಿದ ಉತ್ಸಾಹ ಮಾತ್ರ ಇತಿಹಾಸದಲ್ಲಿ ಅಪರೂಪವಾದದ್ದು. ಕ್ರೈಸ್ತ ಪಾದ್ರಿಗಳು 1822 ರಲ್ಲಿ ಅವರ ಭಾಷೆಯ ಮೊದಲ ಪುಟವನ್ನು ಅಚ್ಚುಹಾಕಿದರು. 1834 ರಲ್ಲಿ ಮಾವೀ ದ್ವೀಪದ ಲಹೈನಾಲುನ ಎಂಬ ವಿದ್ಯಾಶಾಲೆಯಿಂದ ಮೊದಲ ವೃತ್ತಪತ್ರಿಕೆ ಹೊರಟಿತು. ಅಲ್ಲಿಂದ ಮುಂದೆ 1948 ರವರೆಗೆ, ಒಂದು ನಿಂತರೆ ಇನ್ನೊಂದು ಎಂಬಂತೆ ಸುಮಾರು ನೂರು ಪತ್ರಿಕೆಗಳು ಹವಾಯಿ ಭಾಷೆಯಲ್ಲಿ ನಡೆದು, ಒಟ್ಟು ಒಂದು ಲಕ್ಷ ಇಪ್ಪತ್ತೈದು ಸಾವಿರ ಪುಟಗಳಷ್ಟು ಬರಹವನ್ನು ಬಿಟ್ಟುಹೋದವು. ಪುರಾಣ, ವಂಶಾವಳಿ, ಶೋಕಗೀತೆ, ರಾಜಕೀಯ ವಾಗ್ವಾದ, ಹಡಗುಗಳ ಆಗಮನ ನಿರ್ಗಮನ, ಊರ ಜಗಳ, ಹೀಗೆ ಜನಜೀವನದ ಯಾವ ಅಂಗವೂ ಆ ಪುಟಗಳಿಗೆ ಹೊರತಾಗಿರಲಿಲ್ಲ. ರಾಜ್ಯಾಂಗವೂ ಅದೇ ಭಾಷೆಯಲ್ಲಿತ್ತು, ನ್ಯಾಯಾಲಯವೂ ಅದೇ ಭಾಷೆಯಲ್ಲಿ ನಡೆಯುತ್ತಿತ್ತು.

ಇಷ್ಟು ಸಮೃದ್ಧವಾದ ಮುದ್ರಿತ ವಾಙ್ಮಯವಿದ್ದ ಭಾಷೆಗೆ ಅಳಿವಿನ ಭಯ ಹೇಗೆ ಬಂತು? 1893 ರ ಜನವರಿ 17 ರಂದು, ಕಬ್ಬಿನ ತೋಟಗಳ ವ್ಯಾಪಾರದಿಂದ ಬಲಿತಿದ್ದ ಶ್ವೇತವರ್ಣೀಯರ ಒಂದು ಗುಂಪು, ಬಂದರಿನಲ್ಲಿದ್ದ ಅಮೆರಿಕದ ಹಡಗಿನ ಸೈನಿಕರ ಬೆಂಬಲದಿಂದ, ರಾಣಿ ಲಿಲಿಉಓಕಲಾನಿಯನ್ನು ಸಿಂಹಾಸನದಿಂದಿಳಿಸಿತು. ದೇಶವನ್ನು ಅಮೆರಿಕಕ್ಕೆ ಸೇರಿಸಕೂಡದೆಂದು 1897 ರಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಮಂದಿ ದೇಶೀಯರು ಸಹಿಮಾಡಿದ ಮನವಿಯೊಂದು ವಾಷಿಂಗ್ಟನ್ನಿಗೆ ಹೋಯಿತು. ಮರುವರ್ಷವೇ ದೇಶ ಅಮೆರಿಕಕ್ಕೆ ಸೇರಿಯೂ ಹೋಯಿತು. ರಾಣಿಯನ್ನಿಳಿಸಿದ್ದು, ದೇಶ ಅಮೆರಿಕಕ್ಕೆ ಸೇರಿದ್ದು, ಇವೆರಡು ಘಟನೆಗಳ ನಡುವೆ, 1896 ರಲ್ಲಿ, ಹೊಸ ಸರ್ಕಾರ ಮಾಡಿದ ಒಂದು ಕಾನೂನು, ನೋಡುವುದಕ್ಕೆ ಸಣ್ಣದಾಗಿದ್ದರೂ, ಫಲದಲ್ಲಿ ಅವೆರಡಕ್ಕಿಂತ ಘೋರವಾಯಿತೆಂದು ನನ್ನ ಅಭಿಪ್ರಾಯ: ಸಾರ್ವಜನಿಕ ಶಾಲೆಯಾಗಲಿ ಖಾಸಗಿ ಶಾಲೆಯಾಗಲಿ, ಬೋಧನೆಯ ಮಾಧ್ಯಮ ಇಂಗ್ಲಿಷೇ ಆಗಿರತಕ್ಕದ್ದೆಂದೂ, ಹಾಗಲ್ಲದ ಶಾಲೆಗೆ ಸರ್ಕಾರದ ಮನ್ನಣೆಯಿಲ್ಲವೆಂದೂ ಅದು ವಿಧಿಸಿತು. ಶಾಲೆಯಲ್ಲಿ ತಾಯ್ನುಡಿಯನ್ನಾಡಿದ ಮಕ್ಕಳಿಗೆ ಶಿಕ್ಷೆಯಾಯಿತು. ಶಿಕ್ಷೆಯನ್ನು ಅನುಭವಿಸಿದ ಆ ಮಕ್ಕಳು ಬೆಳೆದು ತಾಯಿತಂದೆಗಳಾದಾಗ, ತಮ್ಮ ಕೂಸುಗಳಿಗೆ ಆ ದುಃಖ ಬಾರದಿರಲೆಂಬ ವಾತ್ಸಲ್ಯದಿಂದಲೇ ಅವರೊಡನೆ ಇಂಗ್ಲಿಷನ್ನೂ, ತೋಟದ ಕೂಲಿಗಾರರ ನಡುವೆ ಹುಟ್ಟಿದ್ದ ಕಲಬೆರಕೆಯ ಮಾತನ್ನೂ ಆಡತೊಡಗಿದರು. ಹಿರಿಯರು ತಮ್ಮ ತಮ್ಮೊಳಗೆ ಹವಾಯಿ ನುಡಿಯುತ್ತಿದ್ದರು. ಮಗು ಹತ್ತಿರ ಬಂದರೆ ಮಾತು ಬದಲಾಗುತ್ತಿತ್ತು. ಎರಡು ತಲೆಮಾರು ಇದು ನಡೆದರೆ ಸಾಕು, ಪತ್ರಿಕೆಯನ್ನು ಮುಚ್ಚಿಸಬೇಕಾಗಿಲ್ಲ, ಪುಸ್ತಕವನ್ನು ಸುಡಬೇಕಾಗಿಲ್ಲ. ಓದುಗರು ತಾವಾಗಿಯೇ ಇಲ್ಲವಾಗುತ್ತಾರೆ. ಕೊನೆಯ ಪತ್ರಿಕೆ 1948 ರಲ್ಲಿ ನಿಂತುಹೋದದ್ದು ಈ ಬಗೆಯಲ್ಲಿ.

ಒಂದು ದ್ವೀಪ ಮಾತ್ರ ಇದಕ್ಕೆ ಹೊರತಾಗಿ ಉಳಿಯಿತು. ನಿಇಹಾಉ ಎಂಬ ಆ ಪುಟ್ಟ ದ್ವೀಪವನ್ನು 1864 ರಲ್ಲಿ ಸಿಂಕ್ಲೇರ್ ಎಂಬ ಮನೆತನದವರು ಅರಸನಿಂದ ಕ್ರಯಕ್ಕೆ ಪಡೆದು, ಹೊರಗಿನವರಿಗೆ ಪ್ರವೇಶವಿಲ್ಲದಂತೆ ಕಾಯ್ದುಕೊಂಡರು. ಒಡೆತನದ ಆ ಕಟ್ಟುಪಾಡಿನ ಒಳಗೆ, ಕೆಲವೇ ಕುಟುಂಬಗಳ ನಡುವೆ, ಹವಾಯಿ ನುಡಿ ಮನೆಮಾತಾಗಿಯೇ ಮುಂದುವರಿಯಿತು.

ಕಿಮುರಾ ಹುಟ್ಟಿ ಬೆಳೆದದ್ದು ಹವಾಯಿ ಎಂದೇ ಹೆಸರುಳ್ಳ ದೊಡ್ಡ ದ್ವೀಪದ ವೈಮೆಅ ಎಂಬ ಊರಿನಲ್ಲಿ. ಅದು ದನಗಾಹಿಗಳ ಸೀಮೆ. ವಿಸ್ತಾರವಾದ ಹುಲ್ಲುಗಾವಲುಗಳು, ಕುದುರೆಗಳು, ಬೆಟ್ಟದಿಂದಿಳಿಯುವ ಮಂಜು. ತಾಯಿ ಹವಾಯಿ ಮನೆತನದವರು. ತಂದೆಯ ಕಡೆ ಜಪಾನೀ ಮೂಲ. ಅವರ ಹೆಸರಿನಲ್ಲಿ ಆಂಗ್ಲ, ಹವಾಯಿ, ಜಪಾನೀ ಭಾಗಗಳು ಒಂದರ ಪಕ್ಕದಲ್ಲೊಂದು ನಿಂತಿರುವುದು ಆ ದ್ವೀಪಗಳ ಸಮಾಜದ ಚರಿತ್ರೆಗೆ ಅನುರೂಪವಾಗಿಯೇ ಇದೆ. ಹಿರಿಯರು ತಮ್ಮೊಳಗೆ ಆಡಿಕೊಳ್ಳುತ್ತಿದ್ದ ನುಡಿಯನ್ನು ಬದಿಯಲ್ಲಿ ನಿಂತು ಕೇಳಿ ಬೆಳೆದ ತಲೆಮಾರು ಅವರದು. ಮುಂದೆ ವಿದ್ಯಾಭ್ಯಾಸದಿಂದ ಅದನ್ನು ಸ್ವಾಧೀನಪಡಿಸಿಕೊಂಡು, ಹೊನೊಲುಲು ನಗರದ ವಿಶ್ವವಿದ್ಯಾಲಯದಲ್ಲಿ ಅದನ್ನೇ ಬೋಧಿಸುವವರಾದರು.

1972 ರ ಫೆಬ್ರವರಿಯಲ್ಲಿ, ಹವಾಯಿ ಸಂಗೀತವನ್ನೇ ಬಿತ್ತರಿಸುತ್ತಿದ್ದ ಹೊನೊಲುಲುವಿನ ಕೆ.ಸಿ.ಸಿ.ಎನ್. ಎಂಬ ಬಾನುಲಿ ನಿಲಯದಿಂದ ಕಿಮುರಾ ಅವರ ನಿರೂಪಣೆಯಲ್ಲಿ ಒಂದು ಕಾರ್ಯಕ್ರಮ ಪ್ರಾರಂಭವಾಯಿತು. ಅದರ ಹೆಸರು ‘ಕ ಲೆಓ ಹವಾಯಿ’, ಎಂದರೆ ಹವಾಯಿಯ ಧ್ವನಿ. ವಾರಕ್ಕೊಮ್ಮೆ ಒಬ್ಬರೋ ಇಬ್ಬರೋ ಹಿರಿಯರನ್ನು ನಿಲಯಕ್ಕೆ ಕರೆತಂದು, ಧ್ವನಿಗ್ರಾಹಕದ ಮುಂದೆ ಕೂರಿಸಿ, ಅವರೊಡನೆ ಹವಾಯಿ ಭಾಷೆಯಲ್ಲಿ ಮಾತನಾಡುವುದು. ಕೇಳುತ್ತಿರುವವರು ಮನೆಯಿಂದ ದೂರವಾಣಿಯ ಮೂಲಕ ಆ ಮಾತಿನಲ್ಲಿ ಕೂಡಿಕೊಳ್ಳುವುದು. ಕಾರ್ಯಕ್ರಮದ ವಿಧಾನವೆಲ್ಲ ಇಷ್ಟೇ. ಈ ಸರಳತೆಯಲ್ಲಿಯೇ ಅದರ ಮಹತ್ತ್ವವಿದೆಯೆಂದು ನಾನು ಭಾವಿಸುತ್ತೇನೆ. ಆ ಹೊತ್ತಿಗೆ ಆ ಭಾಷೆಗೆ ಗೌರವದ ಸ್ಥಾನವಿಲ್ಲದಿರಲಿಲ್ಲ. ಹಾಡುಗಳಲ್ಲಿ, ಚರ್ಚಿನ ಪ್ರಾರ್ಥನೆಯಲ್ಲಿ, ಸಮಾರಂಭದ ಸ್ವಾಗತವಚನಗಳಲ್ಲಿ ಅದು ಇದ್ದೇ ಇತ್ತು. ಅದಕ್ಕೆ ತಪ್ಪಿಹೋಗಿದ್ದದ್ದು ಸಾಮಾನ್ಯ ಸಂಭಾಷಣೆಯ ಸ್ಥಾನ. ಹರಟೆಗೆ, ನಗೆಮಾತಿಗೆ, ಸಣ್ಣ ತಕರಾರಿಗೆ ಒದಗದ ಭಾಷೆ ಎಷ್ಟೇ ಪೂಜ್ಯವಾದರೂ ಬಹುಕಾಲ ಬದುಕಲಾರದು.

ಆ ಸಂಚಿಕೆಗಳಲ್ಲಿ ಮಾತು ಸಾಗುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಅತಿಥಿಯ ಹೆಸರು. ಬಳಿಕ ಹುಟ್ಟಿದ ಊರು. ತಾಯಿ ಯಾರು, ತಂದೆ ಯಾರು, ಅವರು ಯಾವ ಸೀಮೆಯವರು, ಬೆಳೆಸಿದ ಅಜ್ಜಿ ತಾತ ಯಾರು. ಹವಾಯಿ ಸಂಪ್ರದಾಯದಲ್ಲಿ ಇದು ಪರಿಚಯದ ಉಪಚಾರ ಮಾತ್ರವಾಗದೆ, ಮಾತನಾಡುವವನ ಅಧಿಕಾರವನ್ನು ನಿರ್ಣಯಿಸುವ ಕ್ರಮವೂ ಆಗಿದೆ. ವಂಶವನ್ನೂ ನೆಲವನ್ನೂ ಹೇಳಿಕೊಂಡವನ ಮಾತಿಗೆ ಆ ವಂಶದ, ಆ ನೆಲದ ಸಾಕ್ಷ್ಯ ದೊರೆಯುತ್ತದೆ. ಅಲ್ಲಿಂದ ಮಾತು ಬಾಲ್ಯದ ಕಡೆಗೆ ತಿರುಗುತ್ತದೆ: ಮೀನು ಹಿಡಿಯುತ್ತಿದ್ದ ಬಗೆ, ಗಾಳಿಗೂ ಮಳೆಗೂ ಊರವರು ಇಟ್ಟಿದ್ದ ಹೆಸರುಗಳು, ಕೆಸುವಿನ ಗದ್ದೆಗೆ ನೀರು ಬಿಡುತ್ತಿದ್ದ ಸರದಿ. ಈ ಕೆಸು ನಮ್ಮ ಮಲೆನಾಡು ಕರಾವಳಿಗಳವರು ಪತ್ರೊಡೆ ಮಾಡುವ ಕೆಸುವೇ. ಆ ಜನ ಅದರ ಗೆಡ್ಡೆಯನ್ನು ಬೇಯಿಸಿ ಕುಟ್ಟಿ ಅಂಬಲಿಯಂತೆ ಮಾಡಿ ಪೋಇ ಎಂಬ ಹೆಸರಿನಿಂದ ನಿತ್ಯದ ಆಹಾರವಾಗಿ ಉಣ್ಣುತ್ತಾರೆ. ಅವರ ಪುರಾಣದಂತೆ ಕೆಸು ಮನುಷ್ಯನಿಗಿಂತ ಮೊದಲು ಹುಟ್ಟಿದ ಅಣ್ಣ. ಇಂಥ ವಿಷಯಗಳನ್ನು ಕುರಿತು ಒಬ್ಬ ವೃದ್ಧೆ ತನ್ನ ಊರಿನ ಧಾಟಿಯಲ್ಲಿ ಮಾತನಾಡುತ್ತಿರಲು, ಮತ್ತೊಂದು ದ್ವೀಪದ ಸೀಮೆಯಲ್ಲಿ ಹುಟ್ಟಿದ ಇನ್ನೊಬ್ಬರು ದೂರವಾಣಿಯಲ್ಲಿ ಬಂದು ತಮ್ಮ ಕಡೆಯ ವಾಡಿಕೆಯನ್ನು ಹೇಳುವುದು. ನಡುನಡುವೆ ಹೂಂಗುಡುವಿಕೆ, ನಗು, ಮರೆತ ಹೆಸರನ್ನು ನೆನೆಯಲು ಮಾಡುವ ಮೌನ. ಇವೆಲ್ಲವೂ ಯಾವ ಸಂಪಾದಕನ ಕತ್ತರಿಗೂ ಸಿಕ್ಕದೆ ಟೇಪಿನ ಮೇಲೆ ಉಳಿದುಕೊಂಡವು.

1988 ರವರೆಗೆ, ಸುಮಾರು ಹದಿನಾರು ವರ್ಷ, ಈ ಕಾರ್ಯಕ್ರಮ ನಡೆಯಿತು. ನಾನೂರಕ್ಕೂ ಮೇಲ್ಪಟ್ಟ ತಾಸುಗಳ ಮಾತು ಸಂಗ್ರಹವಾಯಿತು. ಅದರಲ್ಲಿ ಮಾತನಾಡಿದ ಹಿರಿಯರಲ್ಲಿ ಬಹುಮಂದಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೋ ಇಪ್ಪತ್ತನೆಯದರ ಮೊದಲಲ್ಲಿಯೋ ಹುಟ್ಟಿ, ಹವಾಯಿ ನುಡಿಯನ್ನು ಎದೆಹಾಲಿನೊಡನೆ ಕಲಿತಿದ್ದವರು. ಇನ್ನು ಹತ್ತು ವರ್ಷ ತಡವಾಗಿದ್ದರೆ ಆ ಕಂಠಗಳಲ್ಲಿ ಬಹುಪಾಲು ದೊರೆಯುತ್ತಿರಲಿಲ್ಲ. ಕಿಮುರಾ ಅವರಿಗಿಂತ ಮೊದಲೇ ಮೇರಿ ಕವೇನ ಪುಕುಯಿ ಎಂಬ ಮಹಾವಿದುಷಿ ಸ್ಯಾಮ್ಯುಯೆಲ್ ಎಲ್ಬರ್ಟರೊಡನೆ 1957 ರಲ್ಲಿ ನಿಘಂಟನ್ನು ಪ್ರಕಟಿಸಿದ್ದರು. ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯಕ್ಕಾಗಿ ಅನೇಕ ಹಿರಿಯರ ಮಾತನ್ನೂ ಮುದ್ರಿಸಿಕೊಂಡಿದ್ದರು. ಆ ತಾಯಿಗೆ ಸಲ್ಲಬೇಕಾದ ಗೌರವವನ್ನು ಇಲ್ಲಿ ಎರಡೇ ವಾಕ್ಯಗಳಲ್ಲಿ ಸಲ್ಲಿಸಿ ಮುಂದೆ ಹೋಗುತ್ತಿರುವುದಕ್ಕೆ ಕಾಲದ ಅಭಾವವೇ ಕಾರಣ. ಅವರನ್ನು ಕುರಿತೇ ಪ್ರತ್ಯೇಕವಾದ ಉಪನ್ಯಾಸವಾಗಬೇಕು.

ಒಂದೂಕಾಲು ಲಕ್ಷ ಪುಟಗಳ ಪತ್ರಿಕೆಗಳೂ ದೊಡ್ಡ ನಿಘಂಟೂ ಇರುವಾಗ ಮುದುಕರ ಹರಟೆಯನ್ನು ಮುದ್ರಿಸಿಕೊಳ್ಳುವುದರಿಂದ ಹೆಚ್ಚಾಗಿ ಬಂದ ಲಾಭವೇನೆಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಪಾದ್ರಿಗಳು ಆ ಭಾಷೆಗೆ ರೋಮನ್ ಲಿಪಿಯನ್ನು ಅಳವಡಿಸಿದಾಗ ಐದು ಸ್ವರಗಳಿಗೂ ಏಳು ವ್ಯಂಜನಗಳಿಗೂ ಅಕ್ಷರಗಳನ್ನು ಗೊತ್ತುಮಾಡಿದರು. ಆದರೆ ಕಂಠದ್ವಾರವನ್ನು ಕ್ಷಣಮಾತ್ರ ಮುಚ್ಚಿ ಬಿಡುವುದರಿಂದ ಹುಟ್ಟುವ ಎಂಟನೆಯ ವ್ಯಂಜನವೊಂದುಂಟು. ಸ್ವರಗಳಲ್ಲಿ ಹ್ರಸ್ವ ದೀರ್ಘ ಭೇದವುಂಟು. ಇವೆರಡನ್ನೂ ಹಳೆಯ ಪತ್ರಿಕೆಗಳು ಸಾಮಾನ್ಯವಾಗಿ ಗುರುತಿಸುತ್ತಿರಲಿಲ್ಲ. ಹೀಗಾಗಿ ‘ಮುಗಿಯಿತು’ ಎಂಬ ಅರ್ಥದ ಮಾತು, ‘ಮಸಿ’ ಎಂಬ ಅರ್ಥದ ಮಾತು, ಹೆಂಗಸರು ಉಡುವ ವಸ್ತ್ರದ ಹೆಸರು, ಈ ಮೂರೂ ಅಚ್ಚಿನಲ್ಲಿ ಅವೇ ಮೂರು ಅಕ್ಷರಗಳಾಗಿ ಕಾಣುತ್ತವೆ. ನಡುವೆ ಕಂಠವನ್ನು ತಡೆಯಬೇಕೋ ಬೇಡವೋ, ಸ್ವರವನ್ನು ಎಳೆಯಬೇಕೋ ಬೇಡವೋ ಎಂಬುದನ್ನು ಓದುವವನೇ ಬಲ್ಲವನಾಗಿರಬೇಕು. ನಮ್ಮವರಿಗೆ ಈ ತೊಡಕು ಹೊಸದಲ್ಲ. ಹಳಗನ್ನಡದ ಓಲೆಗಳಲ್ಲಿ ಎ-ಏಗಳಿಗೂ ಒ-ಓಗಳಿಗೂ ಬೇರೆ ಬೇರೆ ಚಿಹ್ನೆ ಸಾಮಾನ್ಯವಾಗಿ ಇಲ್ಲದಿರುವುದರಿಂದ, ಗ್ರಂಥಸಂಪಾದಕರು ಛಂದಸ್ಸಿನ ಮಾತ್ರೆಗಳನ್ನೆಣಿಸಿ, ಬದುಕಿರುವ ಕನ್ನಡದ ಉಚ್ಚಾರಣೆಯನ್ನು ಆಧಾರವಾಗಿಟ್ಟುಕೊಂಡು ಪಾಠನಿರ್ಣಯ ಮಾಡಿದರೆಂಬುದು ವಿದ್ವಾಂಸರಿಗೆ ತಿಳಿದ ಸಂಗತಿ. ಆ ಬದುಕಿರುವ ಉಚ್ಚಾರಣೆಯೇ ಇಲ್ಲದಿದ್ದಲ್ಲಿ ಅವರ ಗತಿ ಏನಾಗುತ್ತಿತ್ತು? ಕಿಮುರಾ ಅವರ ಟೇಪುಗಳು ಹವಾಯಿಯ ವಿದ್ವಾಂಸರಿಗೆ ಆ ಆಧಾರವನ್ನು ಉಳಿಸಿಕೊಟ್ಟವು. ಉಚ್ಚಾರಣೆಗಿಂತ ಸೂಕ್ಷ್ಮವಾದದ್ದೂ ಅಲ್ಲಿದೆ: ಪ್ರಶ್ನೆಗೆ ನೇರವಾಗಿ ಉತ್ತರಿಸದೆ ಸುತ್ತಿ ಬರುವ ಸೌಜನ್ಯ, ಒಪ್ಪಿಗೆಯಿಲ್ಲವೆಂಬುದನ್ನು ಒಪ್ಪುವ ಸ್ವರದಲ್ಲಿಯೇ ಸೂಚಿಸುವ ಜಾಣ್ಮೆ, ಮಾತು ಮುಗಿಯಿತೆಂದು ತಿಳಿಸುವ ಕಾಕು. ವ್ಯಾಕರಣಗ್ರಂಥದಲ್ಲಿ ಇವಕ್ಕೆ ಪ್ರಕರಣವಿಲ್ಲ. ಕಿವಿಯಿಂದಲೇ ಇವು ಬರಬೇಕು.

ಇಷ್ಟಾದರೂ ಸಂಗ್ರಹವೆಂಬುದು ಸಂಗ್ರಹವೇ. ಬೀಜವನ್ನು ಎಷ್ಟು ಜೋಪಾನವಾಗಿ ಕಣಜದಲ್ಲಿಟ್ಟರೂ ಬಿತ್ತಿದ ಹೊರತು ಬೆಳೆಯಾಗದು. ಇದನ್ನು ಕಿಮುರಾ ಬೇಗನೆ ಕಂಡುಕೊಂಡರು. 1978 ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿಯಾಗಿ ಹವಾಯಿ ಭಾಷೆ ಇಂಗ್ಲಿಷಿನೊಡನೆ ರಾಜ್ಯಭಾಷೆಯಾಯಿತು. ಕಾಲೇಜುಗಳಲ್ಲಿ ಅದನ್ನು ಕಲಿಯುವ ಯುವಕರ ಸಂಖ್ಯೆಯೂ ಹೆಚ್ಚಿತು. ಆದರೂ 1980 ರ ದಶಕದ ಆದಿಯಲ್ಲಿ ಲೆಕ್ಕ ಹಾಕಿ ನೋಡಿದರೆ, ಹದಿನೆಂಟು ವರ್ಷಕ್ಕೊಳಗಿನ ಮಕ್ಕಳಲ್ಲಿ ಆ ಭಾಷೆಯನ್ನು ಸರಾಗವಾಗಿ ಆಡಬಲ್ಲವರು ಐವತ್ತಕ್ಕಿಂತ ಕಡಮೆ. ಅವರಲ್ಲಿ ಬಹುಪಾಲು ನಿಇಹಾಉ ದ್ವೀಪದವರು. ರಾಜ್ಯಭಾಷೆಯೆಂಬ ಪದವಿಯನ್ನು ಪಡೆದ ಭಾಷೆಗೆ ಮಕ್ಕಳೇ ಇರಲಿಲ್ಲ. ಅದೇ ಸಮಯದಲ್ಲಿ, 1982 ರಲ್ಲಿ, ನ್ಯೂಜಿಲೆಂಡಿನ ಮಾವೊರಿ ಜನ ಹಿರಿಯರ ಕೈಗೆ ಕೂಸುಗಳನ್ನೊಪ್ಪಿಸಿ ತಮ್ಮ ನುಡಿಯಲ್ಲಿಯೇ ಬೆಳೆಸುವ ಶಿಶುವಿಹಾರಗಳನ್ನು ತೆರೆದಿದ್ದರು. ಮಾವೊರಿ ವಿದ್ವಾಂಸ ತಿಮೊತಿ ಕಾರೆತು ಹವಾಯಿಗೆ ಬಂದು ಅದರ ಸುದ್ದಿಯನ್ನು ತಿಳಿಸಿದರು. ದಾಯಾದಿ ಭಾಷೆಯೊಂದರ ಆ ದೃಷ್ಟಾಂತದಿಂದ ಪ್ರೇರಣೆ ಪಡೆದು, ಕಿಮುರಾ ಅವರೂ, ವಿಲಿಯಂ ವಿಲ್ಸನ್, ಕೌಅನೊಎ ಕಮನಾ ಮೊದಲಾದ ಕೆಲವರು ಅಧ್ಯಾಪಕಮಿತ್ರರೂ ಸೇರಿ 1983 ರಲ್ಲಿ ‘ಅಹ ಪೂನನ ಲೆಓ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಪೂನನ ಲೆಓ ಎಂದರೆ ಧ್ವನಿಯ ಗೂಡು. ಮೊದಲ ಗೂಡು 1984 ರಲ್ಲಿ ಕವಾಇ ದ್ವೀಪದ ಕೆಕಹ ಎಂಬಲ್ಲಿ ತೆರೆಯಿತು. ನಿಇಹಾಉವಿನಿಂದ ಬಂದು ನೆಲಸಿದ ಕುಟುಂಬಗಳು ಅಲ್ಲಿದ್ದವು. ಮರುವರ್ಷ ಹಿಲೊ, ಹೊನೊಲುಲು ನಗರಗಳಲ್ಲಿ ಇನ್ನೆರಡು.

ಈ ಗೂಡುಗಳ ನಿಯಮಗಳನ್ನು ಕೇಳಿದರೆ ಅವರ ದೃಢಸಂಕಲ್ಪ ತಿಳಿಯುತ್ತದೆ. ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಹವಾಯಿ ನುಡಿಯ ಹೊರತು ಬೇರೆ ಮಾತಿಲ್ಲ. ತಾಯಿತಂದೆಗಳು ಶುಲ್ಕ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ತಿಂಗಳಿಗೆ ಗೊತ್ತಾದಷ್ಟು ತಾಸು ಶಾಲೆಯಲ್ಲಿ ದುಡಿಯಬೇಕು, ತಾವೂ ಭಾಷೆಯ ತರಗತಿಗೆ ಬರಬೇಕು. ಪಠ್ಯಪುಸ್ತಕಗಳಿರಲಿಲ್ಲ, ಇಂಗ್ಲಿಷ್ ಮಕ್ಕಳ ಪುಸ್ತಕಗಳನ್ನು ತಂದು, ಹವಾಯಿ ಭಾಷಾಂತರವನ್ನು ಚೀಟಿಗಳಲ್ಲಿ ಬರೆದು, ಇಂಗ್ಲಿಷ್ ಸಾಲುಗಳ ಮೇಲೆ ಅಂಟಿಸಿದರು. ಇದಕ್ಕಿಂತ ದೊಡ್ಡ ತೊಡಕು ಕಾನೂನಿನದು. ಶಿಶುವಿಹಾರದಲ್ಲಿ ಕಲಿಸುವವರು ಕಾಲೇಜಿನ ತರಬೇತಿ ಪಡೆದಿರಬೇಕೆಂಬ ನಿಬಂಧನೆಯಿದ್ದುದರಿಂದ, ಆ ಭಾಷೆಯನ್ನು ಬಲ್ಲ ಅಜ್ಜಿಯರು ಕಲಿಸಲು ಅನರ್ಹರೆನಿಸಿದರು. 1896 ರ ನಿಷೇಧವಂತೂ ಇನ್ನೂ ಪುಸ್ತಕದಲ್ಲಿತ್ತು. ರಾಜ್ಯಭಾಷೆಯಲ್ಲಿ ಪಾಠ ಹೇಳುವುದನ್ನು ರಾಜ್ಯದ ಕಾನೂನೇ ತಡೆಯುತ್ತಿದ್ದ ಈ ಅನ್ಯಾಯದ ವಿರುದ್ಧ ತಾಯಿತಂದೆಗಳು ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಶಾಸನಸಭೆಯ ಬಾಗಿಲಿಗೆ ಹೋದರು. ವರ್ಷ ವರ್ಷವೂ ಹೋದರು. 1986 ರಲ್ಲಿ ಎರಡು ತಡೆಗಳೂ ತೆಗೆಯಲ್ಪಟ್ಟವು. ಮಾಧ್ಯಮದ ನಿಷೇಧ ತೊಂಬತ್ತು ವರ್ಷ ಜೀವಿಸಿತ್ತು.

ಅಲ್ಲಿಂದ ಮುಂದಿನ ಪ್ರಗತಿಯನ್ನು ವೇಗವಾಗಿ ಹೇಳಬಹುದು. 1987 ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಹವಾಯಿ ಮಾಧ್ಯಮದ ಮೊದಲ ತರಗತಿಗಳು. 1990 ರ ದಶಕದಲ್ಲಿ ಹಿಲೊ ಸಮೀಪದಲ್ಲಿ ಪ್ರೌಢಶಾಲೆಯ ಹಂತದವರೆಗೂ ಬೆಳೆದ ವಿದ್ಯಾಶಾಲೆ. 1999 ರಲ್ಲಿ, ಒಂದು ಶತಮಾನದ ಅಂತರದ ಬಳಿಕ, ಹವಾಯಿ ಮಾಧ್ಯಮದಲ್ಲಿಯೇ ಕಲಿತು ಹೊರಬಂದ ಮೊದಲ ವಿದ್ಯಾರ್ಥಿಗಳು. ಹಿಲೊ ಸಮೀಪದ ಆ ಶಾಲೆಗೆ ಜೋಸೆಫ್ ನಾವಹೀ ಎಂಬ ದೇಶಭಕ್ತನ ಹೆಸರಿಟ್ಟಿದ್ದಾರೆ. ಆತ ರಾಣಿಯ ಪಕ್ಷದ ಶಾಸಕ, ಹವಾಯಿ ಭಾಷೆಯ ಪತ್ರಿಕೆಯೊಂದರ ಸ್ಥಾಪಕ, ನಿಷೇಧ ಜಾರಿಗೆ ಬಂದ 1896 ರಲ್ಲಿಯೇ ತೀರಿಕೊಂಡವನು. 1997 ರಲ್ಲಿ ಹಿಲೊ ವಿಶ್ವವಿದ್ಯಾಲಯದಲ್ಲಿ ಆ ಭಾಷೆಗಾಗಿಯೇ ಒಂದು ಮಹಾವಿದ್ಯಾಲಯ ಸ್ಥಾಪನೆಯಾಯಿತು. ಕಿಮುರಾ ಅಲ್ಲಿ ಅಧ್ಯಾಪಕರಾಗಿ ಬಹುಕಾಲ ಕಲಿಸಿದರು. ರಾಜ್ಯ ಸರ್ಕಾರ 2016 ರಲ್ಲಿ ಪ್ರಕಟಿಸಿದ ವರದಿಯಂತೆ ಮನೆಯಲ್ಲಿ ಹವಾಯಿ ಭಾಷೆಯನ್ನಾಡುವವರ ಸಂಖ್ಯೆ ಸುಮಾರು 18,600. ಹದಿನಾಲ್ಕು ಲಕ್ಷ ಜನರಿರುವ ರಾಜ್ಯದಲ್ಲಿ ಇದು ಅಲ್ಪವೆಂದು ತೋರಬಹುದು. ಐವತ್ತು ಮಕ್ಕಳ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಹಾಗೆ ತೋರದು.

ಶಾಲೆಗಳು ಹುಟ್ಟಿದ ಮೇಲೆ ಹೊಸ ಪದಗಳು ಬೇಕಾದುವು. ಗಣಿತಕ್ಕೆ, ಜೀವಶಾಸ್ತ್ರಕ್ಕೆ, ಗಣಕಯಂತ್ರಕ್ಕೆ ಹಳೆಯ ಪತ್ರಿಕೆಗಳಲ್ಲಿ ಮಾತು ಸಿಕ್ಕುವುದಿಲ್ಲವಷ್ಟೆ. ಪದರಚನೆಗಾಗಿ ಸಮಿತಿಯೊಂದು ಏರ್ಪಟ್ಟಿತು. ಕಿಮುರಾ ಅದರಲ್ಲಿ ದೀರ್ಘಕಾಲ ದುಡಿದರು. ಪಾರಿಭಾಷಿಕ ಪದಗಳ ವಿಷಯದಲ್ಲಿ ನಮ್ಮಲ್ಲಿ ನಡೆದ ವಾದವಿವಾದಗಳನ್ನು ಬಲ್ಲವರಿಗೆ ಆ ಸಮಿತಿಯ ಕಷ್ಟವನ್ನು ವಿವರಿಸಬೇಕಾಗಿಲ್ಲ. ಕವಿಯೂ ಗೀತಕಾರರೂ ಆದ ಕಿಮುರಾ ಅವರಲ್ಲಿ ಪದವನ್ನು ಆಯುವ ಕಿವಿ ಇತ್ತು. ಎಡ್ಡಿ ಕಮಎ ಎಂಬ ಪ್ರಸಿದ್ಧ ಸಂಗೀತಗಾರರ ರಾಗಕ್ಕೆ ಅವರು ಬರೆದ ಗೀತೆ ಇಂದಿಗೂ ದ್ವೀಪಗಳಲ್ಲಿ ಜನಪ್ರಿಯವಾಗಿದೆ. 2019 ರ ಏಪ್ರಿಲ್ 10 ರಂದು ಖಗೋಳವಿಜ್ಞಾನಿಗಳು ಕೃಷ್ಣರಂಧ್ರವೊಂದರ ಬಿಂಬವನ್ನು ಮೊಟ್ಟಮೊದಲ ಬಾರಿಗೆ ಜಗತ್ತಿಗೆ ತೋರಿಸಿದರಷ್ಟೆ. ಆ ವೀಕ್ಷಣೆಯಲ್ಲಿ ಭಾಗವಹಿಸಿದ ದೂರದರ್ಶಕಗಳಲ್ಲಿ ಎರಡು ಹವಾಯಿಯ ಮೌನ ಕೆಅ ಶಿಖರದ ಮೇಲಿನವು. ಅಲ್ಲಿಯ ವಿಜ್ಞಾನಿಗಳು ಹೆಸರಿಗಾಗಿ ಕಿಮುರಾ ಅವರ ಬಳಿಗೆ ಬಂದರು. ಅವರು ‘ಪೋವೆಹಿ’ ಎಂಬ ಹೆಸರನ್ನು ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಪಾದಗಳುಳ್ಳ ಕುಮುಲಿಪೊ ಎಂಬ ಸೃಷ್ಟಿಗಾನದಲ್ಲಿ ಆದಿಯ ಅಂಧಕಾರವನ್ನು ಬಣ್ಣಿಸುವ ಪದಗಳಿಂದ ಅದನ್ನು ಆಯ್ದದ್ದು. ಅಲಂಕೃತವಾದ, ಮುಗಿಯದ ಸೃಷ್ಟಿಗೆ ಮೂಲವಾದ ಕತ್ತಲೆಯೆಂದು ಅದರ ತಾತ್ಪರ್ಯ. ಸಭೆಯಲ್ಲಿರುವ ವಿಜ್ಞಾನಲೇಖಕರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ: ತರಗತಿಯಲ್ಲಿ ಆಡಿದರೆ ಶಿಕ್ಷೆಯಾಗುತ್ತಿದ್ದ ಭಾಷೆಯ ಪ್ರಾಚೀನ ಸ್ತೋತ್ರವೊಂದು, ಅತ್ಯಾಧುನಿಕ ವಿಜ್ಞಾನಕ್ಕೆ ಬೇಕಾದ ಮಾತನ್ನು ಒದಗಿಸಿಕೊಟ್ಟಿತು.

ಈ ಪುನರುಜ್ಜೀವನವನ್ನು ಕುರಿತು ಒಂದು ಆಕ್ಷೇಪಣೆಯುಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಶಾಲೆಯಲ್ಲಿ ಕಲಿತವರ ಹವಾಯಿ ನುಡಿ, ನಿಇಹಾಉವಿನ ಮನೆಮಾತಿನಂತೆ ಇಲ್ಲ. ಅದರ ವಾಕ್ಯಗಳ ಒಳಗೆ ಇಂಗ್ಲಿಷಿನ ಎಲುಬುಗಳು ಇಣುಕುತ್ತವೆ. ಹೊಸ ಪದಗಳನ್ನು ಹಿರಿಯರು ಕೆಲವು ವೇಳೆ ಗುರುತಿಸುವುದಿಲ್ಲ. ಇದು ನಿಜವಾದ ಕೊರತೆ. ಎರಡನೆಯ ಭಾಷೆಯಾಗಿ ಕಲಿತ ಗುರುಗಳಿಂದ ಮೊದಲ ಭಾಷೆಯಾಗಿ ಕಲಿಯುತ್ತಿರುವ ಶಿಷ್ಯರಲ್ಲಿ ಈ ವ್ಯತ್ಯಾಸ ಅನಿವಾರ್ಯವೂ ಹೌದು. ಆದರೆ ಕೊರತೆಯನ್ನು ಅಳೆಯುವುದಕ್ಕೆ ಒಂದು ಮಾನದಂಡ ಬೇಕಷ್ಟೆ. ಆ ಮಾನದಂಡ ಕಿಮುರಾ ಅವರ ಟೇಪುಗಳಲ್ಲಿಯೇ ಇದೆ. ಈಗ ಅವುಗಳನ್ನು ಗಣಕಕ್ಕೆ ಇಳಿಸಿ, ಮಾತನ್ನು ಬರಹಕ್ಕೆ ತಂದು, ಯಾರು ಬೇಕಾದರೂ ಮನೆಯಲ್ಲಿ ಕುಳಿತು ಕೇಳಬಹುದಾದ ‘ಕನಿಆಇನ’ ಎಂಬ ಧ್ವನಿಭಾಂಡಾರದಲ್ಲಿ ಇರಿಸಿದ್ದಾರೆ. ಇಂದಿನ ವಿದ್ಯಾರ್ಥಿ ತನ್ನ ವಾಕ್ಯದ ಪಕ್ಕದಲ್ಲಿ ನೂರು ವರ್ಷದ ಹಿಂದೆ ಹುಟ್ಟಿದ ಅಜ್ಜಿಯ ವಾಕ್ಯವನ್ನಿಟ್ಟು ತಿದ್ದಿಕೊಳ್ಳುವ ಅನುಕೂಲ, ಪುನರುಜ್ಜೀವನಕ್ಕೆ ಹವಣಿಸುತ್ತಿರುವ ಬೇರೆ ಅನೇಕ ಭಾಷೆಗಳಿಗೆ ಇಲ್ಲ. ಮೊದಲು ಧ್ವನಿ, ಬಳಿಕ ಶಾಲೆ, ಶಾಲೆಯ ತಪ್ಪನ್ನು ತಿದ್ದಲು ಮತ್ತೆ ಧ್ವನಿ: ಕಿಮುರಾ ಅವರ ಬಾಳಿನ ಕೆಲಸದಲ್ಲಿ ನನಗೆ ಕಾಣುವ ವಿವೇಕ ಈ ಅನುಕ್ರಮದ್ದು.

ಇನ್ನು ನಮ್ಮ ಕಡೆಗೆ ಒಂದು ಮಾತು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಕೇಳಿಬಂದದ್ದು ನಮ್ಮ ಮೈಸೂರಿನಲ್ಲಿ. 1935 ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಗಳು ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ ಬಾನುಲಿ ಕೇಂದ್ರಕ್ಕೆ ಆ ಹೆಸರಿಟ್ಟರು. ಮಂಗಳೂರು, ಮಡಿಕೇರಿಗಳ ನಿಲಯಗಳಿಂದ ತುಳು, ಕೊಡವ ಮೊದಲಾದ ನುಡಿಗಳು ಪ್ರಸಾರವಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಕೊರಗ, ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಮೊದಲಾದವರ ನುಡಿಗಳು ಕನ್ನಡದ ನೆರಳಿನಲ್ಲಿಯೇ ಸೊರಗುತ್ತಿವೆ. ಯುನೆಸ್ಕೊ ಪ್ರಕಟಿಸಿದ ಅಪಾಯಗ್ರಸ್ತ ಭಾಷೆಗಳ ಪಟ್ಟಿಯಲ್ಲಿ ಕೊರಗ ಭಾಷೆಯ ಹೆಸರಿದೆ. ಡಿ.ಎನ್. ಶಂಕರ ಭಟ್ಟರು 1971 ರಲ್ಲಿಯೇ ಆ ಭಾಷೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿ ವಿದ್ವತ್ತಿನ ಋಣವನ್ನು ತೀರಿಸಿದರು. ಇಂಗ್ಲಿಷಿನ ಎದುರು ಕನ್ನಡ ಶಾಲೆಗಾಗಿ ವಾದಿಸುವ ನಾವು, ಹಾಡಿಯ ಮಗು ನಮ್ಮ ಕನ್ನಡ ಶಾಲೆಯ ಹೊಸ್ತಿಲಲ್ಲಿ ತನ್ನ ತಾಯ ಮಾತನ್ನು ಬಿಟ್ಟು ಒಳಗೆ ಬರಬೇಕಾಗಿರುವುದನ್ನೂ ನೋಡಬೇಕು. ಅಲ್ಲಿ ದೊಡ್ಡ ಭಾಷೆ ಕನ್ನಡವೇ.

ಆದುದರಿಂದ ಈ ಸಭೆಯ ಮುಂದೆ ಒಂದು ವಿನಂತಿಯನ್ನಿಡುತ್ತೇನೆ. ಈ ದತ್ತಿಯ ನಿಧಿಯಿಂದ ಪ್ರತಿವರ್ಷವೂ ಒಂದು ಪಾಲನ್ನು ತೆಗೆದಿರಿಸಿ, ಆ ಸಮುದಾಯಗಳಲ್ಲಿಯೇ ಹುಟ್ಟಿ ವಿದ್ಯಾವಂತರಾದ ತರುಣ ತರುಣಿಯರಿಗೆ ಧ್ವನಿಮುದ್ರಣದ ಸಾಮಗ್ರಿಯನ್ನು ಕೊಡಿಸಿ, ತಮ್ಮ ಹಿರಿಯರೊಡನೆ ತಮ್ಮ ನುಡಿಯಲ್ಲಿ ಮನಸಾರೆ ಮಾತನಾಡಿ ಅದನ್ನು ಮುದ್ರಿಸಿಕೊಳ್ಳುವುದಕ್ಕೆ ಏರ್ಪಾಡು ಮಾಡಬೇಕು. ಮುದ್ರಿಸಿದ್ದರ ಒಡೆತನ ಆ ಜನರದೇ ಆಗಿರತಕ್ಕದ್ದು. ಸಮೀಪದ ಬಾನುಲಿ ನಿಲಯದಿಂದ ವಾರಕ್ಕೊಮ್ಮೆಯಾದರೂ ಅದು ಅವರ ಹಾಡಿಗಳಿಗೆ, ಅವರ ಮಕ್ಕಳ ಕಿವಿಗೆ ಮುಟ್ಟಬೇಕು. ಇದಕ್ಕೆ ಬೇಕಾಗುವ ಹಣ ಬಹಳವಲ್ಲ. ಮುಂದಿನ ಕಾರ್ಯಕಾರಿ ಸಭೆಯಲ್ಲಿಯೇ ಈ ವಿಷಯವನ್ನು ನಿರ್ಣಯಕ್ಕೆ ಎತ್ತಿಕೊಳ್ಳಬೇಕೆಂದು ಅಧ್ಯಕ್ಷರನ್ನು ಪ್ರಾರ್ಥಿಸುತ್ತೇನೆ.